ಯಾವ ವರ್ಷದ ಮುದ್ದೆ?

ಮೈಸೂರಿನ ಒಂದು ವಸ್ತುಸಂಗ್ರಹಾಲಯದಲ್ಲಿ, ಹಳ್ಳಿಯ ಬದುಕಿನ ಸಾಮಾನುಗಳನ್ನು ಸಾಲಾಗಿ ಇರಿಸಿದ್ದ ಕೋಣೆಯಲ್ಲಿ, ಶಾಲಾಮಕ್ಕಳ ಗುಂಪೊಂದರ ಹಿಂದೆ ನಾನು ನಿಂತಿದ್ದೆ. ಮೊರ, ಒನಕೆ, ಕೊಳಗ, ವಾಡೆಗಳನ್ನೆಲ್ಲ ದಾಟಿ ರಾಗಿ ಬೀಸುವ ಕಲ್ಲಿನ ಮುಂದೆ ಬಂದಾಗ ಹುಡುಗಿಯೊಬ್ಬಳು, “ಮಿಸ್, ಒಂದು ಮನೆಯವರಿಗೆಲ್ಲ ಸಾಕಾಗೋಷ್ಟು ಹಿಟ್ಟು ಬೀಸೋದಕ್ಕೆ ಎಷ್ಟು ಹೊತ್ತು ಬೇಕಾಗ್ತಿತ್ತು?” ಎಂದು ಕೇಳಿದಳು. ಫಲಕದಲ್ಲಿ ಕಲ್ಲಿನ ಹೆಸರಿತ್ತು, ಅದು ದೊರೆತ ತಾಲ್ಲೂಕಿನ ಹೆಸರಿತ್ತು. ಹೊತ್ತಿನ ವಿಚಾರ ಇರಲಿಲ್ಲ. ಅಧ್ಯಾಪಕಿ ಫಲಕವನ್ನು ಇನ್ನೊಮ್ಮೆ ಓದಿ ನೋಡಿ, “ಊರಿಗೆ ಹೋದಾಗ ನಿಮ್ಮಜ್ಜೀನ ಕೇಳಮ್ಮ” ಎಂದರು. ಪ್ರಾಮಾಣಿಕವಾದ ಉತ್ತರವೇ ಅದು. ಆದರೆ ಆ ವಯಸ್ಸಿನ ಮಗುವಿನ ಅಜ್ಜಿ ಗೃಹಿಣಿಯಾಗುವ ಹೊತ್ತಿಗೆ ಹಿಟ್ಟಿನ ಗಿರಣಿ ಊರೊಳಕ್ಕೋ ಪಕ್ಕದೂರಿಗೋ ಬಂದಾಗಿರುವ ಸಾಧ್ಯತೆಯೇ ಹೆಚ್ಚು.

ಆ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಹೆಂಗಸರು ಎಷ್ಟು ಗಂಟೆಗೆ ಏಳುತ್ತಿದ್ದರು, ಎಷ್ಟು ನಿದ್ದೆ ಕಳೆದುಕೊಳ್ಳುತ್ತಿದ್ದರು, ಒಬ್ಬಳೇ ಬೀಸುತ್ತಿದ್ದಳೋ ಎದುರುಬದುರು ಕುಳಿತು ಇಬ್ಬರು ಬೀಸುತ್ತಿದ್ದರೋ, ಗೂಟ ಹಿಡಿದ ಕೈ ಯಾವುದು, ಕಾಳು ಸುರಿಯುವ ಕೈ ಯಾವುದು, ಸವೆದ ಕಲ್ಲನ್ನು ಉಳಿಯಿಂದ ಹೊಡೆಸಿ ಒರಟು ಮಾಡಿಸದೆ ಹೋದರೆ ಹೊತ್ತು ಎಷ್ಟು ಹೆಚ್ಚುತ್ತಿತ್ತು ಎಂಬುದೆಲ್ಲ ಆ ಒಂದು ಪ್ರಶ್ನೆಯ ಒಳಗಿದೆ. ನಮ್ಮ ವಿದ್ವಾಂಸರು ಬೀಸುವಾಗ ಹಾಡುವ ಪದಗಳನ್ನು ಶ್ರದ್ಧೆಯಿಂದ ಸಂಗ್ರಹಿಸಿದರು. ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸದ ಜಾನಪದ ವಸ್ತುಸಂಗ್ರಹಾಲಯಕ್ಕಾಗಿ ಜೀ.ಶಂ. ಪರಮಶಿವಯ್ಯ, ಪಿ.ಆರ್. ತಿಪ್ಪೇಸ್ವಾಮಿ ಅವರಂಥವರು ಊರೂರು ತಿರುಗಿದರು. ನಾಗಮಂಗಲ ಸೀಮೆಯವರೇ ಆದ ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಜಾನಪದ ಲೋಕವನ್ನೇ ಕಟ್ಟಿದರು. ಅವರು ಉಳಿಸಿಕೊಟ್ಟಿರದಿದ್ದರೆ ಇಂದು ನೋಡುವುದಕ್ಕೆ ಆ ಕಲ್ಲೂ ಇರುತ್ತಿರಲಿಲ್ಲ, ಆ ಹುಡುಗಿ ಪ್ರಶ್ನೆ ಕೇಳುವ ಸಂದರ್ಭವೂ ಒದಗುತ್ತಿರಲಿಲ್ಲ. ಆದರೆ ಒಂದು ಪದ ಹಾಡಿ ಮುಗಿಸುವಷ್ಟರಲ್ಲಿ ಎಷ್ಟು ರಾಗಿ ಹಿಟ್ಟಾಗುತ್ತಿತ್ತು ಎಂಬುದು ಪದದ ಪಠ್ಯದಲ್ಲೂ ಇಲ್ಲ, ಕಲ್ಲಿನಲ್ಲೂ ಇಲ್ಲ. ಅದು ತಿಳಿಯಬೇಕಾದರೆ ಯಾರಾದರೂ ಕುಳಿತು ಬೀಸಬೇಕು.

ಹೀಗೆ ಕುಳಿತು ಬೀಸುವ ಕೆಲಸವನ್ನೇ ಅಧ್ಯಯನದ ವಿಧಾನವನ್ನಾಗಿ ಮಾಡಿಕೊಂಡ ಸಂಸ್ಥೆಗಳು ಹೊರದೇಶಗಳಲ್ಲಿವೆ. ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಆರ್ಟುರ್ ಹಾಝೇಲಿಯಸ್ 1891ರಲ್ಲಿ ಸ್ಕಾನ್ಸೆನ್ ಎಂಬ ಬಯಲು ಸಂಗ್ರಹಾಲಯವನ್ನು ತೆರೆದು, ಹಳ್ಳಿಯ ಮನೆಗಳನ್ನೇ ಕಿತ್ತು ತಂದು ಮತ್ತೆ ನಿಲ್ಲಿಸಿದರು. ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದಲ್ಲಿ ಆ ಆಲೋಚನೆ ಹೊಲಕ್ಕೂ ಅಡುಗೆಮನೆಗೂ ಇಳಿಯಿತು: ಹಳೆಯ ತಳಿಯ ಬೀಜ, ಹಳೆಯ ತಳಿಯ ಎತ್ತು, ಹಳೆಯ ಒಲೆ, ಅಲ್ಲಿ ಬೆಳೆದದ್ದನ್ನು ಅಲ್ಲಿಯೇ ಒಕ್ಕಿ, ಕಾಪಿಟ್ಟು, ಬೇಯಿಸಿ, ನೋಡಲು ಬಂದವರಿಗೆ ವಿವರಿಸುವುದು. ಇಂಥ ಫಾರ್ಮ್‌ಗಳನ್ನು ನಡೆಸುವವರು 1970ರಲ್ಲಿ ತಮ್ಮದೇ ಒಂದು ಸಂಘವನ್ನೂ ಕಟ್ಟಿಕೊಂಡರು. ಇದನ್ನು ಮನರಂಜನೆಯೆಂದು ತಳ್ಳಿಹಾಕುವವರು ಅಲ್ಲಿಯೂ ಇದ್ದಾರೆ, ಇಲ್ಲಿಯೂ ಇದ್ದಾರೆ. ಎತ್ತಿನ ಗಾಡಿಯಲ್ಲಿ ಒಂದು ಸುತ್ತು ಹಾಕಿಸಿ, ಬಾಳೆಲೆಯ ಮೇಲೆ ಮುದ್ದೆ ಬಡಿಸಿ ಕಳುಹಿಸುವ ರೆಸಾರ್ಟುಗಳನ್ನು ಕಂಡವರಿಗೆ ಆ ಅನುಮಾನ ಬರುವುದು ಸಹಜ. ನಾನು ಹೇಳುತ್ತಿರುವುದು ಅದಲ್ಲ; ಹಳೆಯ ಬೇಸಾಯವನ್ನೂ ಅಡುಗೆಯನ್ನೂ ಮಾಡಿ ನೋಡಿ ಕಲಿಯುವ ಇಂಥ ಒಂದು ಫಾರ್ಮ್ ನಮ್ಮಲ್ಲಿಯೂ ಬೇಕು ಎಂದು.

ಹಗೇವಿನ ಬಾಯಿ

ನಾಗಮಂಗಲ ತಾಲ್ಲೂಕಿನ ನಮ್ಮ ತಾತನ ಊರಿನಲ್ಲಿ ಹಗೇವು, ಅಂದರೆ ಕಾಳು ಕೂಡಿಡುವ ನೆಲದೊಳಗಿನ ಗುಂಡಿ, ತೆಗೆದದ್ದನ್ನು ನಾನು ಚಿಕ್ಕವನಾಗಿದ್ದಾಗ ನೋಡಿದ್ದೇನೆ. ಹೊರಗಿನಿಂದ ನೋಡಿದರೆ ಅಂಗಳದಲ್ಲಿ ಒಂದು ಚಪ್ಪಡಿ, ಅದರ ಸುತ್ತ ಮೆತ್ತಿದ ಮಣ್ಣು, ಅಷ್ಟೇ. ಮಣ್ಣು ಕೆತ್ತಿ ಚಪ್ಪಡಿ ಸರಿಸಿದಾಗ ಮೇಲೆದ್ದ ವಾಸನೆ ಈಗಲೂ ನನ್ನ ನೆನಪಿನಲ್ಲಿದೆ. ಹುಳಿಯೂ ಮುಗ್ಗೂ ಬೆರೆತ ಬಿಸಿ ಉಸಿರು. ನಮ್ಮ ಚಿಕ್ಕಪ್ಪ ಆಗಲೇ ಪಂಚೆ ಎತ್ತಿ ಕಟ್ಟಿ ಇಳಿಯಲು ಸಿದ್ಧನಾಗಿದ್ದ. ತಾತ ಅವನ ತೋಳು ಹಿಡಿದು, “ತಡಿಯೋ, ಉಸ್ರು ಬುಡ್ಲಿ ಅದು. ದೀಪ ನಿಲ್ಲೋಗಂಟ ಯಾರೂ ಇಳೀಬ್ಯಾಡ್ರಿ ಕಣ್ರಲಾ” ಎಂದು ಗದರಿಸಿದರು. ಲಾಂದ್ರವನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟರು. ಅದು ಕತ್ತಿನ ಆಳ ದಾಟುತ್ತಿದ್ದಂತೆಯೇ ನಂದಿಹೋಯಿತು. ಬಹಳ ಹೊತ್ತು ಕಾದು, ಮತ್ತೆ ಹೊತ್ತಿಸಿ ಇಳಿಸಿ, ಅದು ತಳದಲ್ಲಿಯೂ ಉರಿಯುತ್ತಿದೆ ಎಂದು ಖಚಿತವಾದ ಮೇಲೆಯೇ ಚಿಕ್ಕಪ್ಪನ ಸೊಂಟಕ್ಕೆ ಹಗ್ಗ ಬಿಗಿದು ಒಳಕ್ಕೆ ಬಿಟ್ಟರು. ಮಂಕರಿಗಳಲ್ಲಿ ರಾಗಿ ಮೇಲೆ ಬಂತು. ಗೋಡೆಗೆ ತಾಗಿದ್ದ ರಾಗಿ ಕಪ್ಪಾಗಿ ಗಂಟು ಕಟ್ಟಿತ್ತು. ಅದನ್ನು ಬೇರೆಯಾಗಿ ಸುರಿದರು. ನಡುವಿನದು ಕಣದಿಂದ ಈಗ ತಂದಂತೆ ಕೆಂಪಗೆ ಹೊಳೆಯುತ್ತಿತ್ತು.

ಬಾಯಿ ಕಿರಿದು, ಹೊಟ್ಟೆ ಅಗಲ. ನೀರು ನಿಲ್ಲದ ಗಟ್ಟಿ ನೆಲ. ಒಳಗೆ ರಾಗಿಹುಲ್ಲಿನ ಹಾಸು. ಈ ನೆಲದ ಜನ ಇಷ್ಟನ್ನು ತಲೆಮಾರುಗಳಿಂದ ತಿಳಿದಿದ್ದರು. ಇದು ಒಳಗೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನಾನು ಸರಿಯಾಗಿ ಅರಿತದ್ದು, ವಿಚಿತ್ರವೆಂದರೆ, ಇಂಗ್ಲೆಂಡಿನ ಒಂದು ಫಾರ್ಮಿನ ಕೆಲಸವನ್ನು ಓದಿದ ಮೇಲೆ. ಹ್ಯಾಂಪ್‌ಶೈರ್‌ನಲ್ಲಿ 1972ರಲ್ಲಿ ಪೀಟರ್ ರೆನಾಲ್ಡ್ಸ್ ಎಂಬ ಪುರಾತತ್ತ್ವಜ್ಞರು ಬಟ್ಸರ್ ಎಂಬಲ್ಲಿ ಕಬ್ಬಿಣಯುಗದ ಬೇಸಾಯವನ್ನು ಪ್ರಯೋಗವಾಗಿ ಆರಂಭಿಸಿದರು. ಅಲ್ಲಿನ ಉತ್ಖನನಗಳಲ್ಲಿ ನೆಲದೊಳಗಿನ ಗುಂಡಿಗಳು ಹೇರಳವಾಗಿ ಸಿಗುತ್ತಿದ್ದವು. ಇಂಗ್ಲೆಂಡಿನಂಥ ತೇವದ ದೇಶದಲ್ಲಿ ಗುಂಡಿಯೊಳಗೆ ಕಾಳು ಕೆಡದೆ ಉಳಿಯುತ್ತದೆಯೇ ಎಂಬುದು ಅವರ ಪ್ರಶ್ನೆ. ಅವರು ಗುಂಡಿ ತೋಡಿ, ಕಾಳು ತುಂಬಿ, ಜೇಡಿಮಣ್ಣಿನಿಂದ ಬಾಯಿ ಮುಚ್ಚಿ, ಒಳಗಿನ ಗಾಳಿಯನ್ನೂ ತೇವವನ್ನೂ ಅಳೆಯುತ್ತ ಹೋದರು. ಗೋಡೆಗೆ ತಾಗಿದ ಕಾಳು ತೇವಕ್ಕೆ ಮೊಳೆಯತೊಡಗುತ್ತದೆ. ಮೊಳೆಯುತ್ತ ಒಳಗಿರುವ ಆಮ್ಲಜನಕವನ್ನು ಮುಗಿಸಿ ಇಂಗಾಲದ ಡೈಆಕ್ಸೈಡ್ ತುಂಬಿಸುತ್ತದೆ. ಆ ಗಾಳಿಯಲ್ಲಿ ಮೊಳಕೆಯೂ ನಿಲ್ಲುತ್ತದೆ, ಹುಳವೂ ಬದುಕುವುದಿಲ್ಲ, ನಡುವಿನ ಕಾಳು ಹಾಗೆಯೇ ಉಳಿಯುತ್ತದೆ. ನಮ್ಮ ಅಂಗಳದಲ್ಲಿ ಬೇರೆಯಾಗಿ ಸುರಿದ ಆ ಕಪ್ಪು ರಾಗಿ ಮಿಕ್ಕ ರಾಗಿಯನ್ನೆಲ್ಲ ಕಾಯ್ದ ರಾಗಿ. ಲಾಂದ್ರ ನಂದಿದ್ದೂ ಅದೇ ಕಾರಣಕ್ಕೆ. ಕಾಯದೆ ಇಳಿದವರು ಉಸಿರುಗಟ್ಟಿ ಸತ್ತ ಸುದ್ದಿಗಳು ನಮ್ಮ ಸೀಮೆಯಲ್ಲಿ ಅಪರೂಪವಾಗಿರಲಿಲ್ಲ.

ಹಗೇವು ಇದ್ದ ನಾಡಿನಲ್ಲಿ, ಅದನ್ನು ತೆಗೆದು ನೋಡಿದವರು ಇನ್ನೂ ಬದುಕಿರುವ ನಾಡಿನಲ್ಲಿ, ಒಂದು ಹಗೇವನ್ನು ತೋಡಿ ವರ್ಷಗಟ್ಟಲೆ ಅಳೆದು ನೋಡುವ ಸ್ಥಳ ನಮ್ಮ ಮಕ್ಕಳಿಗೆ ಇರಬೇಕು ಎನ್ನುವುದು ನನಗೆ ಬಹಳ ದೊಡ್ಡ ಆಸೆಯೇನೂ ಅಲ್ಲ ಅನ್ನಿಸುತ್ತದೆ. ಮೈಸೂರಿನಲ್ಲಿ 1950ರಿಂದ ಚೆಲುವಾಂಬ ಮ್ಯಾನ್ಷನ್‌ನಲ್ಲಿ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿ.ಎಫ್.ಟಿ.ಆರ್.ಐ.) ಇದೆ, ಮಂಡ್ಯದಲ್ಲಿ ವಿ.ಸಿ. ಫಾರ್ಮ್ ಎಂಬ ಕೃಷಿ ಸಂಶೋಧನಾ ಕೇಂದ್ರ ಇದೆ. ರಾಗಿಯ ಸಿಪ್ಪೆ ಕಾಳಿಗೆ ಅಂಟಿಕೊಂಡಿರುವುದರಿಂದ, ಒಳಗಿನ ತಿರುಳು ಮೆದುವಾದ್ದರಿಂದ, ಭತ್ತದಂತೆ ಅದನ್ನು ಕುಟ್ಟಿ ಅಕ್ಕಿ ಮಾಡಲಾಗದು, ಇಡಿಯಾಗಿ ಹಿಟ್ಟು ಮಾಡಿಯೇ ಉಣ್ಣಬೇಕು ಎಂಬ ಹಳೆಯ ತಿಳಿವಳಿಕೆಗೆ ಕಾರಣ ಹುಡುಕಿ, ನೀರು ಮತ್ತು ಹಬೆಯ ಸಂಸ್ಕಾರದಿಂದ ತಿರುಳನ್ನು ಗಟ್ಟಿಗೊಳಿಸಿ ಸಿಪ್ಪೆ ತೆಗೆಯುವ ವಿಧಾನವನ್ನು ಕಂಡುಹಿಡಿದದ್ದು ಇದೇ ಸಿ.ಎಫ್.ಟಿ.ಆರ್.ಐ. ವಿಜ್ಞಾನ ನಮ್ಮ ಪಕ್ಕದಲ್ಲಿಯೇ ಇದೆ; ಹೊಲವೂ ಇದೆ. ಎರಡರ ನಡುವೆ ಬೀಸುವ ಕಲ್ಲು, ಒಲೆ, ಹಗೇವು ಇರುವ ಒಂದು ಅಂಗಳ ಇಲ್ಲ.

ಯಾವ ವರ್ಷ?

ಇಂಥ ಫಾರ್ಮ್ ಕಟ್ಟುವವರು ಎಲ್ಲಕ್ಕಿಂತ ಮೊದಲು ಒಂದು ವರ್ಷವನ್ನು ಆರಿಸಿಕೊಳ್ಳಬೇಕು. ಅಮೆರಿಕದ ಪ್ಲಿಮತ್‌ನಲ್ಲಿ ಅದು 1620ರ ದಶಕ. ಓಲ್ಡ್ ಸ್ಟರ್‌ಬ್ರಿಜ್ ಎಂಬಲ್ಲಿ 1830ರ ದಶಕ. ಐಯೊವಾದ ಫಾರ್ಮಿನಲ್ಲಿ ಒಂದೇ ಆವರಣದೊಳಗೆ 1700ರ ಮೂಲನಿವಾಸಿಗಳ ಹೊಲ, 1850ರ ವಲಸಿಗರ ಹೊಲ, 1900ರ ಕುದುರೆ ಬೇಸಾಯದ ಹೊಲ ಬೇರೆಬೇರೆಯಾಗಿವೆ. ವರ್ಷ ಗೊತ್ತುಮಾಡಿದ ಕೂಡಲೇ ಬೀಜ, ಉಪಕರಣ, ಪಾತ್ರೆ, ಉರುವಲು, ಉಡುಪು ಎಲ್ಲಕ್ಕೂ ಒಂದು ಕಟ್ಟು ಬರುತ್ತದೆ. ನಮ್ಮಲ್ಲಿ ‘ಸಾಂಪ್ರದಾಯಿಕ ಊಟ’ ಎಂಬ ಮಾತಿಗೆ ವರ್ಷವೇ ಇಲ್ಲ. ಅನಾದಿ ಕಾಲದಿಂದ ನಿನ್ನೆಯವರೆಗೂ ಒಂದೇ ಮುದ್ದೆ, ಒಂದೇ ಸಾರು ಎಂಬಂತೆ ಮಾತಾಡುತ್ತೇವೆ. ಉಪ್ಪೆಸರಿನ ಖಾರಕ್ಕೆ ಬೇಕಾದ ಮೆಣಸಿನಕಾಯಿ ಪೋರ್ಚುಗೀಸರು ಬಂದ ಮೇಲೆ ಅಮೆರಿಕ ಖಂಡದಿಂದ ಬಂದದ್ದು. ಅದಕ್ಕೂ ಮುಂಚೆ ಕರಿಮೆಣಸಿನ ಸಾರು ಇತ್ತೆಂದಿಟ್ಟುಕೊಂಡರೂ, ಬಯಲುಸೀಮೆಯ ಕೂಲಿಯವನ ಗಡಿಗೆಗೆ ಆ ಮೆಣಸು ಎಷ್ಟು ಬೀಳುತ್ತಿತ್ತು ಎಂದು ಯೋಚಿಸಬೇಕು. ರಾಗಿಯೂ ಬಹಳ ಹಿಂದೆ ಪೂರ್ವ ಆಫ್ರಿಕಾದ ಎತ್ತರದ ನೆಲದಿಂದ ಬಂದ ಬೆಳೆ. ಇದನ್ನು ಹೇಳಿದರೆ ಕೆಲವರಿಗೆ ನೋವಾಗುತ್ತದೆ. ನನಗೆ ಮಾತ್ರ ಇದರಿಂದ ಮುದ್ದೆಯ ಮೇಲಿನ ಗೌರವ ಹೆಚ್ಚಾಗಿದೆ. ಎಲ್ಲಿಂದಲೋ ಬಂದ ಕಾಳಿಗೆ ಇಷ್ಟೊಂದು ಬೇಸಾಯ, ಇಷ್ಟೊಂದು ಸಾರುಗಳನ್ನು ಕಟ್ಟಿಕೊಟ್ಟವರು ನಮ್ಮವರು.

ಮಂಡ್ಯಕ್ಕೆ ಸಹಜವಾಗಿ ತೋರುವ ಗಡಿ 1931. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಆರಂಭವಾಗಿ 1931ರ ಹೊತ್ತಿಗೆ ಮುಗಿಯಿತು. ಇರ್ವಿನ್ ನಾಲೆಯಲ್ಲಿ ನೀರು ಹರಿಯಿತು, 1933ರಲ್ಲಿ ಸಕ್ಕರೆ ಕಾರ್ಖಾನೆ ಬಂತು, 1939ರಲ್ಲಿ ಮಂಡ್ಯವೇ ಬೇರೆ ಜಿಲ್ಲೆಯಾಯಿತು. ರಾಗಿ, ಹುರುಳಿ, ಅವರೆ ಬೆಳೆಯುತ್ತಿದ್ದ ಒಣಭೂಮಿ ಭತ್ತ, ಕಬ್ಬುಗಳ ಗದ್ದೆಯಾಯಿತು. ಆ ನೀರು ತಂದ ಅನ್ನವನ್ನು ಉಂಡು ಬೆಳೆದವನು ನಾನು. ಅದರ ಬಗ್ಗೆ ನನಗೆ ಕೃತಜ್ಞತೆಯಲ್ಲದೆ ಬೇರೇನೂ ಇಲ್ಲ. ಆದರೆ 1931ರ ಮುಂಚಿನ ಅಡುಗೆಯನ್ನು ಮಾಡಿ ಉಂಡವರು ಇಂದು ಹೆಚ್ಚುಕಡಿಮೆ ಯಾರೂ ಇಲ್ಲ. ಆ ಕಾಲಕ್ಕೆ ನಮಗೆ ಉಳಿದಿರುವುದು ಕಾಗದ ಮಾತ್ರ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಈ ಸೀಮೆಯನ್ನು ಸುತ್ತಿ ಬರೆದ ವರದಿಯಲ್ಲಿ ಸಾಲಾಗಿ ಬೀಜ ಬಿತ್ತುವ ಕೂರಿಗೆ ಇದೆ, ಅದರ ಹಿಂದೆ ಕಟ್ಟಿ ಅವರೆ, ತೊಗರಿಯ ಸಾಲು ಬಿತ್ತುವ ಸಡ್ಡೆ ಇದೆ. ಯಾವ ಮಳೆಗೆ ಏನು ಬಿತ್ತುತ್ತಿದ್ದರು ಎಂಬ ವಿವರಗಳಿವೆ. ಅದಕ್ಕೂ ಹಿಂದೆ, 16ನೆಯ ಶತಮಾನದ ಆರಂಭದಲ್ಲಿ, ಹುಣಸೂರಿನ ಕಡೆಯ ಕಲ್ಲಹಳ್ಳಿಯ ಮೂರನೆಯ ಮಂಗರಸ ಪಾಕಶಾಸ್ತ್ರವನ್ನೇ ಷಟ್ಪದಿಯಲ್ಲಿ ಬರೆದ. ಅದು ಅರಸುಮನೆಯ ಪಾಕ. ಕಣದ ಪಕ್ಕದ ಗುಡಿಸಲಿನ ಒಲೆ ಅದರಲ್ಲಿ ಕಾಣುವುದಿಲ್ಲ.

ಆದ್ದರಿಂದ ನನ್ನ ಆಯ್ಕೆ 1965. ಅದರ ಮರುವರ್ಷವೇ ಹೆಚ್ಚು ಇಳುವರಿಯ ಐ.ಆರ್. 8 ಭತ್ತ ಬಿಡುಗಡೆಯಾಯಿತು. ವಿ.ಸಿ. ಫಾರ್ಮ್‌ನಲ್ಲಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಕೂಡಿಸಿ ಬೆಳೆಸಿದ ಇಂಡಾಫ್ ತಳಿಗಳು ಹೊಲಗಳಿಗೆ ಹರಡಿದ್ದು ಅದರ ನಂತರ. ಇಳುವರಿ ಹೆಚ್ಚಿಸಿ ಎಷ್ಟೋ ಮನೆಗಳ ಹಸಿವು ನೀಗಿಸಿದ ಆ ಮಹನೀಯರನ್ನು ಜನ ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. 1965ರಲ್ಲಿ 15 ವರ್ಷದವಳಾಗಿದ್ದು ಅಮ್ಮನ ಎದುರು ಕುಳಿತು ಬೀಸಿದ ಹುಡುಗಿಗೆ ಈಗ 75 ದಾಟಿದೆ. ಬಾಯಿಬಿಟ್ಟು ಕೇಳಿ ಉತ್ತರ ಪಡೆಯಬಹುದಾದ ಕಟ್ಟಕಡೆಯ ವರ್ಷ ಅದು. ಇನ್ನು ಹತ್ತು ವರ್ಷ ಕಳೆದರೆ 1965 ಕೂಡ 1931ರಂತೆ ಕಾಗದಕ್ಕೆ ಸೇರಿಬಿಡುತ್ತದೆ.

ಬೆರಕೆ ಸೊಪ್ಪು

ನಮ್ಮ ದೊಡ್ಡವ್ವನ ಕೈಯ ಬೆರಕೆ ಸೊಪ್ಪಿನ ಸಾರನ್ನು ಬರೆದಿಟ್ಟುಕೊಳ್ಳಬೇಕೆಂದು ಒಮ್ಮೆ ನೋಟ್‌ಬುಕ್ ಹಿಡಿದು ಅವಳ ಮುಂದೆ ಕುಳಿತೆ. ಎಷ್ಟು ಸೊಪ್ಪು, ಯಾವ ಸೊಪ್ಪು, ಎಷ್ಟು ಕಾಳು ಎಂದು ಕೇಳಿದೆ. ಅವಳು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿ, “ಇಲ್ಲಿ ಕುಂತು ಹೆಂಗ್ ಹೇಳ್ಲಪ್ಪ, ಒಲುಕ್ ನಡಿ” ಎಂದು ಮಡಿಲು ಕಟ್ಟಿಕೊಂಡು ಎದ್ದಳು. ಹೊಲಕ್ಕೆ ಹೋದೆವು. ಅವಳು ಮದುವೆಯಾಗಿ ಬಂದಾಗ ರಾಗಿ ಬೆಳೆಯುತ್ತಿದ್ದ ಹೊಲ ಅದು. ಬೋರ್‌ವೆಲ್ ಬಂದ ಮೇಲೆ ಕಬ್ಬು. ಬದುವಿನ ಗುಂಟ ಬಗ್ಗಿ ಹುಡುಕುತ್ತ ಹೋದಳು. ಅಣ್ಣೆ ಸೊಪ್ಪು ಒಂದಿಷ್ಟು ಸಿಕ್ಕಿತು. ನೀರು ನಿಂತ ಕಡೆ ಹೊನಗೊನೆ ಸಿಕ್ಕಿತು. ಗೋಣಿ ಸೊಪ್ಪು ನಾಲ್ಕು ಕುಡಿ. ಒಂದೊಂದನ್ನೂ ಚಿವುಟುವಾಗ ಎಲ್ಲಿಂದ ಚಿವುಟಬೇಕು, ಹೂ ಬಂದ ಮೇಲೆ ಯಾವುದು ಕಹಿ, ಯಾವುದು ಹೆಚ್ಚಾದರೆ ಸಾರು ಲೋಳೆಯಾಗುತ್ತದೆ, ಯಾವುದನ್ನು ಬಾಣಂತಿಗೆ ಹಾಕಬಾರದು ಎಂದು ಹೇಳುತ್ತಲೇ ಇದ್ದಳು. ನಾನು ಬರೆಯುತ್ತ ಹಿಂದೆ ಬಿದ್ದೆ. ಮಡಿಲು ಅರ್ಧವೂ ತುಂಬಲಿಲ್ಲ. “ಸೊಪ್ಪು ಎಲ್ಲೈತೆ ಮಗ, ಕಳೆಗೆ ಔಸ್ತಿ ಹೊಡೀತಾರಲ್ಲ” ಎಂದಳು.

ಒಂದು ಸಾರಿನ ಕ್ರಮವನ್ನು ಬರೆಯಲು ಹೋಗಿ ಒಂದು ಬೇಸಾಯದ ಕ್ರಮವನ್ನೇ ಕೇಳಿಸಿಕೊಂಡು ಬಂದೆ. ಬೆರಕೆ ಸೊಪ್ಪನ್ನು ಯಾರೂ ಬಿತ್ತಿದವರಲ್ಲ. ರಾಗಿ ಹೊಲದಲ್ಲಿ ಹೆಂಗಸರು ಕಳೆ ಕೀಳುವಾಗ ತಿನ್ನುವ ಕಳೆ ಮಡಿಲಿಗೆ, ತಿನ್ನದ ಕಳೆ ಬದುವಿಗೆ. ಕಳೆ ಕೀಳುವ ಕೂಲಿಯಲ್ಲಿ ಆ ಮಡಿಲು ಸೊಪ್ಪೂ ಲೆಕ್ಕಕ್ಕೆ ಬಾರದ ಒಂದು ಪಾಲು. ರಾಗಿಯ ನಡುನಡುವೆ ಬಿತ್ತುವ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು. ರಾಗಿಯ ಪ್ರೋಟೀನಿನಲ್ಲಿ ಲೈಸಿನ್ ಕಡಿಮೆ, ಬೇಳೆಕಾಳುಗಳಲ್ಲಿ ಅದು ಹೆಚ್ಚು ಎಂದು ಪೋಷಣಾಶಾಸ್ತ್ರ ಹೇಳುತ್ತದೆ. ಮುದ್ದೆಗೆ ಕಾಳಿನ ಬಸ್ಸಾರು ಎಂಬ ಜೋಡಿ ತಟ್ಟೆಗೆ ಬರುವ ಮೊದಲೇ ಹೊಲದ ಸಾಲಿನಲ್ಲಿ ಜೋಡಿಯಾಗಿತ್ತು. 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲೆ ರಾಗಿ ಮಾಲುಗಳಿಗೂ ಬಿಸ್ಕತ್ತುಗಳಿಗೂ ಬಂದಿದೆ, ಒಳ್ಳೆಯದೇ. ಆದರೆ ಅಕ್ಕಡಿಯನ್ನೂ ಕಳೆಯ ಸೊಪ್ಪನ್ನೂ ಬಿಟ್ಟು ಬಂದ ರಾಗಿ ಅದು. ಸಂಸಾರ ಬಿಟ್ಟು ಒಂಟಿಯಾಗಿ ಪಟ್ಟಣಕ್ಕೆ ಬಂದವರಂತೆ ಅಲ್ಲಿ ಅದು ಕಾಣುತ್ತದೆ. ಊಟದ ಅಧ್ಯಯನ ಅಡುಗೆಮನೆಯಿಂದ ಆರಂಭವಾಗಬಾರದು, ಕೂರಿಗೆಯಿಂದ ಆರಂಭವಾಗಬೇಕು ಎಂದು ನಾನು ನಂಬಿರುವುದು ಇದಕ್ಕಾಗಿ.

ಇದಕ್ಕೆ ಬೇಕಾದ ಬೀಜ ನಮ್ಮಲ್ಲಿ ಪೂರ್ತಿ ಅಳಿದಿಲ್ಲ. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ಅವರು ನೂರಾರು ದೇಸಿ ಭತ್ತದ ತಳಿಗಳನ್ನೂ, ಬಡಾಬಾಗ್ ಎಂಬ ಹಳೆಯ ತೋಪಿನ ಹತ್ತಾರು ಬಗೆಯ ಮಾವನ್ನೂ ಕಾಪಾಡಿಕೊಂಡು ಬಂದಿದ್ದಾರೆ. ತಳಿಯನ್ನು ಡಬ್ಬಿಯಲ್ಲಿ ಇಟ್ಟರೆ ಉಳಿಯದು, ಪ್ರತಿ ವರ್ಷ ಬಿತ್ತಿ ಬೆಳೆಯಬೇಕು ಎಂಬುದು ಅಲ್ಲಿ ಮಡಿಗಳನ್ನು ನೋಡಿದರೇ ತಿಳಿಯುತ್ತದೆ. ಹಳ್ಳಿಕಾರ್ ಎತ್ತು ಇದೆ, ಬಂಡೂರು ಕುರಿ ಇದೆ. ನಾಲೆಯ ನೀರು ಕಾಣದೆ ಮಳೆಯನ್ನೇ ನಂಬಿರುವ ಹೊಲಗಳು ನಾಗಮಂಗಲದ ಕಡೆ ಇನ್ನೂ ಇವೆ.

ಕಣದಲ್ಲಿ ಯಾರ ಪಾಲು ಎಷ್ಟು

ನನಗೆ ಭಯವಿರುವುದು ಬೇರೆ ಕಡೆ. ಹಳೆಯ ಊಟವನ್ನು ಪ್ರೀತಿಯಿಂದ ನೆನೆಯುವಾಗ ಹಳೆಯ ಹಸಿವನ್ನೂ ಹಳೆಯ ಅವಮಾನವನ್ನೂ ಬಿಟ್ಟುಬಿಡುವುದು ಬಹಳ ಸುಲಭ. ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ, ಅಂದರೆ 1876ರಿಂದ 78ರ ನಡುವೆ, ಮೈಸೂರು ಸಂಸ್ಥಾನ ಬರಿದಾಯಿತು. 1871ರ ಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಜನ 1881ರ ಗಣತಿಯಲ್ಲಿ 42 ಲಕ್ಷಕ್ಕೆ ಇಳಿದಿದ್ದರು. ಹಗೇವು ಇದ್ದವನು ಉಳಿದ, ಹಗೇವಿನೊಳಗೆ ಇಳಿದು ರಾಗಿ ಎತ್ತಿಕೊಟ್ಟವನು ಉಳಿದನೇ? ಕಣದಲ್ಲಿ ರಾಶಿ ಪೂಜೆಯಾದ ಮೇಲೆ ಬಡಗಿ, ಕಮ್ಮಾರ, ಅಗಸ, ಕುಂಬಾರ, ತೋಟಿ, ತಳವಾರ ಹೀಗೆ ಅವರವರ ಕೆಲಸಕ್ಕೆ ಸಲ್ಲುವ ಕಾಳಿನ ಪಾಲನ್ನು, ಅಂದರೆ ಆಯವನ್ನು, ಅಳೆಯುತ್ತಿದ್ದರು. ಯಾರಿಗೆ ರಾಶಿಯ ಕಾಳು, ಯಾರಿಗೆ ಕಣ ಗುಡಿಸಿದ ಮಣ್ಣು ಬೆರೆತ ಕಾಳು, ಯಾರು ಕಣದ ಒಳಕ್ಕೆ ಬಂದು ಪಡೆಯಬಹುದು, ಯಾರು ಹೊರಗೆ ನಿಂತು ಸೆರಗೊಡ್ಡಬೇಕು ಎಂಬುದೆಲ್ಲ ಊಟದ ಇತಿಹಾಸವೇ. ಊರಿನ ಅಂಚಿನ ಕೇರಿಗಳಲ್ಲಿ ಒಣಗಿಸಿಟ್ಟ ಉಪ್ಪುಕಂಡ, ಬೇಸಗೆಯ ಗೆಡ್ಡೆಗೆಣಸು, ಹಿಂದಿನ ದಿನದ ಮುದ್ದೆಯನ್ನು ಕಿವುಚಿದ ಅಂಬಲಿ ಹಳ್ಳಿ ಊಟದ ಪ್ರದರ್ಶನಗಳಲ್ಲಿ ಎಲ್ಲಿಯೂ ಕಾಣಸಿಗುವುದಿಲ್ಲ.

ಹೊರದೇಶದ ಫಾರ್ಮ್‌ಗಳು ಈ ಪಾಠವನ್ನು ತಡವಾಗಿ ಕಲಿತವು. ವರ್ಜೀನಿಯಾದ ಕಲೋನಿಯಲ್ ವಿಲಿಯಮ್ಸ್‌ಬರ್ಗ್‌ನಲ್ಲಿ 18ನೆಯ ಶತಮಾನದ ಊರಿನ ಸುಮಾರು ಅರ್ಧದಷ್ಟು ಜನ ಕರಿಯರಾಗಿದ್ದರೂ, ಅವರ ಬದುಕನ್ನು ಅವರದೇ ವಂಶದವರು ನಿಂತು ಹೇಳುವ ಏರ್ಪಾಡು ಬಂದದ್ದು 1979ರಲ್ಲಿ. ಪ್ಲಿಮತ್‌ನಲ್ಲಿ ವಲಸಿಗರ ಊರನ್ನು ತೋರಿಸುವವರು 17ನೆಯ ಶತಮಾನದ ಪಾತ್ರಧಾರಿಗಳಾಗಿ ಮಾತನಾಡುತ್ತಾರೆ. ಪಕ್ಕದ ವಾಂಪನೋಗ್ ಮೂಲನಿವಾಸಿಗಳ ನೆಲೆಯಲ್ಲಿ ಇರುವವರು ಮಾತ್ರ ಪಾತ್ರ ವಹಿಸುವುದಿಲ್ಲ, ಇಂದಿನ ಮನುಷ್ಯರಾಗಿಯೇ, ನಮ್ಮ ಹಿರಿಯರು ಹೀಗೆ ಬದುಕಿದರು ಎಂದು ಹೇಳುತ್ತಾರೆ. ಈ ವ್ಯತ್ಯಾಸ ನನಗೆ ಬಹಳ ಮುಖ್ಯವೆನಿಸುತ್ತದೆ. ನಮ್ಮ ಫಾರ್ಮಿನಲ್ಲಿ ಯಾವ ಹುಡುಗನಿಗೂ ಕಣದ ಹೊರಗೆ ನಿಂತ ತೋಟಿಯ ವೇಷ ಹಾಕಿಸಬಾರದು. ಆ ಮನೆಯ ಮೊಮ್ಮಗಳು ಬಯಸಿದರೆ, ಕಣದ ನಡುವೆ ಮೇಟಿಯ ಪಕ್ಕದಲ್ಲಿ ನಿಂತು, ತನ್ನ ತಾತ ಎಲ್ಲಿ ನಿಲ್ಲಬೇಕಾಗಿತ್ತು ಎಂಬುದನ್ನು ತನ್ನ ಮಾತಿನಲ್ಲಿ ಹೇಳಬೇಕು. ಅದಕ್ಕೆ ಅವಳಿಗೆ ಸಂಬಳ ಇರಬೇಕು.

ಸಂಬಳದ ಮಾತನ್ನು ಬೇಕೆಂದೇ ಎತ್ತಿದ್ದೇನೆ. 75 ದಾಟಿದ ಹೆಂಗಸೊಬ್ಬಳು ಎಸರು ಯಾವಾಗ ಹದಕ್ಕೆ ಬಂತು, ನುಚ್ಚು ಬೆಂದದ್ದು ಯಾವಾಗ, ಹಿಟ್ಟು ಸುರಿದ ಮೇಲೆ ಕೋಲು ಚುಚ್ಚಿ ಎಷ್ಟು ಹೊತ್ತು ಬೇಯಲು ಬಿಡಬೇಕು, ಕವೆಗೋಲನ್ನು ಹೇಗೆ ಕೊಟ್ಟು ಗಡಿಗೆ ಅಲುಗದಂತೆ ತಿರುವಬೇಕು, ತೊಗರಿಕಡ್ಡಿಯ ಉರಿಗೂ ತೆಂಗಿನ ಗರಿಯ ಉರಿಗೂ ಏನು ಅಂತರ ಎಂದು ತೋರಿಸಿಕೊಡುವಾಗ ಅವಳು ಕೊಡುತ್ತಿರುವುದು ಅಧ್ಯಾಪಕರು ಕೊಡುವಂಥ ವಿದ್ಯೆಯನ್ನೇ. ಸಂಶೋಧಕರು ಅವಳಿಗೆ ಒಂದು ಸೀರೆ ಕೊಟ್ಟು, ಫೋಟೊ ತೆಗೆದುಕೊಂಡು ಹೊರಟುಬಿಡುವುದನ್ನು ನಾನು ಹಲವು ಸಲ ನೋಡಿದ್ದೇನೆ. ವಿಶ್ವವಿದ್ಯಾನಿಲಯ ಅತಿಥಿ ಉಪನ್ಯಾಸಕರಿಗೆ ಗಂಟೆಗೆ ಎಷ್ಟು ಕೊಡುತ್ತದೆಯೋ ಅಷ್ಟನ್ನು ಅವಳಿಗೂ ಕೊಡಬೇಕು, ಅವಳಿಂದ ಬಂದ ಮಾಹಿತಿಯ ಮೇಲೆ ಅವಳ ಹೆಸರೇ ಇರಬೇಕು. ಮಳೆಯಾಶ್ರಿತವಾದ ಎರಡು ಎಕರೆ, ಒಂದು ಜೊತೆ ಹಳ್ಳಿಕಾರ್ ಎತ್ತು, ಒಂದು ಕಣ, ಒಂದು ಹಗೇವು, ಮೂರು ಕಲ್ಲಿನ ಒಲೆ ಇಷ್ಟಿದ್ದರೆ ಕೆಲಸ ಆರಂಭಿಸಬಹುದು. ಮುಂಗಾರಿನಲ್ಲಿ ಕೂರಿಗೆ ಹೂಡಿ ಅಕ್ಕಡಿಯೊಂದಿಗೆ ರಾಗಿ ಬಿತ್ತಿದರೆ ಕಾರ್ತಿಕದ ಹೊತ್ತಿಗೆ ಕೊಯ್ಲು, ಮೆದೆ ಒಟ್ಟಿ ಒಣಗಿಸಿ ಸಂಕ್ರಾಂತಿಯ ಆಸುಪಾಸಿನಲ್ಲಿ ರೋಣಗಲ್ಲು ಹೊಡೆದು ಒಕ್ಕಣೆ. ಆ ರಾಗಿಯ ಮೊದಲ ಕೊಳಗವನ್ನು ಬೀಸುವ ದಿನ ಕಲ್ಲಿನ ಎರಡು ಬದಿಗೂ ಇಬ್ಬರು ಹಿರಿಯ ಹೆಂಗಸರನ್ನು ಕೂರಿಸಿ, ಪಕ್ಕದಲ್ಲಿ ಒಬ್ಬ ವಿದ್ಯಾರ್ಥಿನಿ ಗಡಿಯಾರ ಹಿಡಿದು ಬರೆದುಕೊಳ್ಳಲಿ. ಆಮೇಲೆ ಆ ವಿದ್ಯಾರ್ಥಿನಿಯೂ ಕುಳಿತು ಬೀಸಲಿ.